ಪಡಸಾಲಿಯಿಂದ ತೆಗೆದ ಹಾಡು

ಚನ್ನಬಸವಣ್ಣ ಮೊಬೈಲನ್ನು ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಹಾಡು ಮುಗಿಯುವವರೆಗೂ ಕೇಳಿದರು. ಬೀಸುವ ಕಲ್ಲಿನ ಗರಗರ ಸದ್ದಿನ ಮೇಲೆ ಮುದುಕಿಯೊಬ್ಬಳ ದನಿ:

ಹಿತ್ತಲ ಬಾವ್ಯಾಗ ನೀರೇನು ಕಡಿಮಿಲ್ಲ
ಹೊತ್ತೊಯ್ದ ಕೊಡ ಬರಲಿಲ್ಲ – ಹತ್ತಿಯವರ
ಸೊಸಿಯ ಕೇಳವರು ಯಾರಿಲ್ಲ

"ಹತ್ತಿಯವರು ಅಂದ್ರ ನಾವ," ಎಂದರು ಮೆಲ್ಲಗೆ. "ಸೊಸಿ ಬಾವಿ ಪಾಲಾದಳು ಅನ್ನೂದು ನಮ್ಮ ಮುತ್ಯಾನ ಕಾಲದ ಮಾತು. ಖರೆನೋ ಸುಳ್ಳೋ ನನಗೂ ಗೊತ್ತಿಲ್ಲ. ಆದ್ರ ನಮ್ಮ ಹುಡುಗಿ ಅಂಕಿತಾನ್ನ ಹೆಣ್ಣು ನೋಡಿ ಹೋದವರ ಮನ್ಯಾಗ ಇದನ್ನ ಹಚ್ಚಿ ಕೇಳ್ಯಾರಂತ. ನಿನಗ ಗೊತ್ತಿತ್ತೇನು?"

"ಇಲ್ರಿ," ಎಂದಳು ಸೊಸೆ ವಿದ್ಯಾಶ್ರೀ.

ಗೊತ್ತಿತ್ತು. ಮುಂಡರಗಿಯ ಮಂಜುಳಾ ಆ್ಯಪಿಗೆಂದು ಹಾಡನ್ನು ಕಳಿಸಿದಾಗ ಎರಡು ಸಲ ಕೇಳಿಯೇ ಅವಳು ಒಪ್ಪಿಗೆ ಒತ್ತಿದ್ದಳು. ಮಾವ ಅವಳ ಮಾತನ್ನು ಕೂಡಲೇ ನಂಬಿದರು.

'ಪಡಸಾಲಿ' ಆ್ಯಪನ್ನು ಅವಳೂ ಬೆಟಗೇರಿಯ ಅಯ್ಯೂಬನೂ ಗದಗಿನಲ್ಲಿ ಓದುವಾಗ ಶುರು ಮಾಡಿದ್ದರು. ಈಗ ಬೇರೆ ಬೇರೆ ಊರುಗಳ ಹನ್ನೊಂದು ಮಂದಿ ಸಂಬಳವಿಲ್ಲದೆ ಅದನ್ನು ಕಟ್ಟುತ್ತಿದ್ದರು. ಸೋಬಾನೆ, ಭಜನೆ, ಬಯಲಾಟದ ವಿಡಿಯೊ, ಹಳೆಯ ಫೋಟೊ, ಯಾರ ಬಳಿ ಏನಿದ್ದರೂ ಕಳಿಸಿದರೆ ಎಲ್ಲರ ಮೊಬೈಲಿನಲ್ಲೂ ಒಂದೇ ಕಡೆ ಸಿಗುತ್ತಿತ್ತು. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ಕೇಳಬಹುದು. ಲಕ್ಷ್ಮೇಶ್ವರಕ್ಕೆ ಸೊಸೆಯಾಗಿ ಬಂದ ಮೇಲೆ ಇದೆಲ್ಲ ಮುಗಿಯಿತೆಂದೇ ಅವಳು ತಿಳಿದಿದ್ದಳು. ಆದರೆ ಮಾವನೇ ಮಾಳಿಗೆಯ ಕೋಣೆಯಿಂದ ಹತ್ತಿಯ ಅಂಡಿಗೆಗಳನ್ನು ತೆಗೆಸಿ ಕಂಪ್ಯೂಟರ್ ಇಡಿಸಿದರು. ಬಂದವರಿಗೆಲ್ಲ "ನಮ್ಮ ಸೊಸಿ ಮಾಡಿದ್ದು" ಎಂದು ತೋರಿಸುತ್ತಿದ್ದರು. ಒಂದು ದಿನವೂ ದನಿ ಏರಿಸಿದವರಲ್ಲ. ಈಗಲೂ "ಆ ಹಾಡು ತಗಿಯಾಕ ಬರತೈತೇನವಾ?" ಎಂದು ಮೆಲ್ಲಗೇ ಕೇಳಿದರು. ದನಿ ಏರಿಸಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

"ಹಾಡಿದವರನ್ನ ಕೇಳದ ತಗಿಯಾಂಗಿಲ್ರಿ ಮಾವಾರ. ಎಲ್ಲಾರೂ ಕೂಡಿ ಮಾಡಿಕೊಂಡ ನಿಯಮ ಐತಿ."

"ಹಂಗಾರ ಕೇಳೂಣು. ನಾನ ಕರಕೊಂಡ ಹೋಕ್ಕೀನಿ, ನಡಿ."

ಹೊರಡುವಾಗ ಅವಳು ಪಡಸಾಲಿಯ ಗುಂಪಿಗೆ ವಿಷಯ ತಿಳಿಸಿದ್ದಳು. ಶಿರಹಟ್ಟಿ ದಾಟುವಾಗ ಅಯ್ಯೂಬನ ಸಂದೇಶ ಬಂತು. 'ತಗೀಬ್ಯಾಡ ಅಕ್ಕಾ. ಇವತ್ತ ಒಬ್ಬರದು ತಗದ್ರ ನಾಳೆ ಯಾರಿಗೆ ಇಲ್ಲ ಅನ್ನೂದು?' ಅವಳು ಏನೋ ಬರೆದು ಅಳಿಸಿದಳು. ಮುಂಡರಗಿಯಲ್ಲಿ ಮಾವ ಕಾರು ನಿಲ್ಲಿಸಿ ಚಹಾ ಕುಡಿಸಿದರು. ಬಿಸಿಲು ಅವಳ ಮುಖಕ್ಕೆ ಬೀಳುತ್ತಿದೆಯೆಂದು ಕಿಟಕಿಗೆ ತಮ್ಮ ಟವೆಲ್ ಸಿಕ್ಕಿಸಿದರು.

ಕೊರ್ಲಹಳ್ಳಿಯಲ್ಲಿ ಆ ಹಾಡು ಹಾಡಿದ ಕಳಕವ್ವ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಪಡಸಾಲಿಯವರು ಅಂದದ್ದೇ ಅವಳ ಮುಖ ಅರಳಿತು. "ಹೊಳಿ ಆಚಿ ಮಂದೀನೂ ನನ್ನ ಹಾಡು ಕೇಳ್ಯಾರಂತಲ್ಲವಾ. ಕಾರಿನ್ಯಾಗ ಕುಂತವರು ಯಾರು?"

"ನಮ್ಮ ಮಾವಾರು, ಆಯಿ. ಲಕ್ಷ್ಮೇಶ್ವರದ ಹತ್ತಿಯವರು."

ಕಳಕವ್ವನ ಕೈ ನಿಂತಿತು. ಕಾರನ್ನು ನೋಡಿದಳು, ಆಮೇಲೆ ವಿದ್ಯಾಶ್ರೀಯನ್ನು ಬಹಳ ಹೊತ್ತು ನೋಡಿದಳು. "ನೀ ಆ ಮನಿ ಸೊಸಿ ಏನವಾ?"

"ಹೂಂ. ಹಾಡು ತಗೀಬೇಕೋ ಬ್ಯಾಡೋ, ನೀವು ಹೇಳಿದಾಂಗ, ಆಯಿ. ನೀವು ಬ್ಯಾಡ ಅಂದ್ರ ಯಾರೂ ಮುಟ್ಟೂದಿಲ್ಲ."

ಬೇಡ ಅನ್ನಲಿ ಎಂದು ಅವಳು ದಾರಿಯುದ್ದಕ್ಕೂ ಕಾದಿದ್ದಳು.

"ತಗದಬಿಡು," ಎಂದಳು ಕಳಕವ್ವ. "ನಂದೇನು, ಹಾಡಿ ಮುಗಿಸೀನಿ. ಆ ಮನ್ಯಾಗ ಇರಾಕಿ ನೀನು." ಒರಟು ಬೆರಳುಗಳಿಂದ ಅವಳ ಗದ್ದ ಮುಟ್ಟಿ, ಮತ್ತೆ ಮೆಣಸಿನಕಾಯಿಗೆ ಕೈ ಹಾಕಿದಳು.

ವಾಪಸು ಬರುವಾಗ ಮಾವ ಕೇಳಿದರು, "ಇಳಿಸಿಕೊಂಡವರ ಮೊಬೈಲಿನ್ಯಾಗಿಂದನೂ ಹೋಗತೈತೇನು?"

ಆಗುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅವರು ನಂಬುತ್ತಿದ್ದರು. ನಂಬುತ್ತಾರೆಂಬುದೇ ಅವಳ ಬಾಯಿ ಕಟ್ಟಿತು.

"ಹೋಗತೈತ್ರಿ. ಅದಕ್ಕ ಆ್ಯಪಿನ್ಯಾಗ ಹೊಸ ಕೋಡ್ ಬರೀಬೇಕು."

ಮಧ್ಯಾಹ್ನವೆಲ್ಲ ಮಾಳಿಗೆಯಲ್ಲಿ ಕುಳಿತು ಬರೆದಳು. ಆ್ಯಪಿನ ಹೊಸ ಆವೃತ್ತಿ ಬಿಡುವ ಕೀಲಿ ಅವಳೊಬ್ಬಳ ಬಳಿಯೇ ಇತ್ತು. ನಾಲ್ಕು ಗಂಟೆಗೆ ಗುಂಡಿ ಒತ್ತಿದಳು. ಅಯ್ಯೂಬ ಗುಂಪಿನಿಂದ ಹೊರಹೋದನೆಂಬ ಒಂದು ಸಾಲು ಪರದೆಯ ಮೇಲೆ ಬಂದು ನಿಂತಿತು.

ಸಂಜೆ ಇನ್ನೂ ಬೆಳಕಿರುವಾಗಲೇ ಚನ್ನಬಸವಣ್ಣ ಊಟಕ್ಕೆ ಕುಳಿತರು. "ಇವತ್ತ ಆಕೀನೂ ನನ್ನ ಜೋಡಿ ಕುಂಡರಲಿ. ದಣದಾಳ," ಎಂದು ಹೆಂಡತಿಗೆ ಹೇಳಿ, ವಿದ್ಯಾಶ್ರೀಯ ತಟ್ಟೆಗೆ ತಾವೇ ಬೆಣ್ಣೆ ಹಾಕಿದರು. ಅವಳು ರೊಟ್ಟಿ ಮುರಿದು ತಿಂದಳು. ಇನ್ನೊಂದು ಹಾಕಿಸಿದರು. ಅದನ್ನೂ ತಿಂದಳು.

ಅವರು ಕೈ ತೊಳೆಯಲು ಹಿತ್ತಲಿಗೆ ಹೋದ ಮೇಲೆ, ದಿನವಿಡೀ ಮಾತಾಡದ ಅತ್ತೆ ಶೇಖವ್ವ ಹತ್ತಿರ ಬಂದು ಬಗ್ಗಿದಳು.

"ವಿದ್ಯಾ, ನನ್ನ ಮೊಬೈಲ್ ಕೆಟ್ಟೈತೇನ ನೋಡು. ಆ ಬೀಸೂ ಹಾಡು ಮುಂಜಾನಿತನಾ ಇತ್ತು. ಈಗ ಎಷ್ಟು ಹುಡುಕಿದ್ರೂ ಸಿಗವಲ್ದು."

ವಿದ್ಯಾಶ್ರೀ ತುತ್ತನ್ನು ತಟ್ಟೆಗಿಟ್ಟಳು. "ನೀವೂ ಕೇಳತಿದ್ರೇನ್ರಿ, ಅತ್ತಿ?"

"ದಿನಾ."

ಹಿತ್ತಲಲ್ಲಿ ನೀರಿನ ಸದ್ದು ನಿಂತಿತು. ಶೇಖವ್ವ ಮೊಬೈಲನ್ನು ಸೊಂಟಕ್ಕೆ ಸಿಕ್ಕಿಸಿ, ಸೆರಗು ಎಳೆದುಕೊಂಡು, ಸೊಸೆಯ ತಟ್ಟೆಗೆ ಮತ್ತೊಂದು ರೊಟ್ಟಿ ಹಾಕಿದಳು.