ಪಿಎಚ್‌ಡಿ ಮುಗಿಸಿ ಬಂದ ಹೇಮಾಶ್ರೀ

ಕಣಕಟ್ಟೆಯ ಕರಿಯಪ್ಪನ ತೆಂಗಿನ ತೋಟಕ್ಕೆ ಈ ಸಲವೂ ಕಪ್ಪುತಲೆ ಹುಳು ಬಿದ್ದಿತ್ತು. ಗರಿಗಳೆಲ್ಲ ಸುಟ್ಟ ಹಾಗೆ ಒಣಗಿದ್ದವು. ಅದೇ ಹೊತ್ತಿಗೆ ಮಗಳು ಹೇಮಾಶ್ರೀ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿ ಊರಿಗೆ ಬಂದಳು.

"ಅಪ್ಪ, ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ ಅರ್ಜಿ ಹಾಕ್ತೀನಿ" ಅಂದಳು.

"ಇನ್ನೇನವ್ವ ಓದೋದು? ಡಾಕ್ಟರೇಟೇ ಬಂತಲ್ಲ! ಅರಸೀಕೆರೇಲಿ ಯಾವ್ದಾರ ಕಾಲೇಜಿಗೆ ಸೇರ್ಕೊ. ನಾನಿನ್ನು ಫೀಸು ಕಟ್ಟಾಕಾಗಲ್ಲ."

ಹೇಮಾಶ್ರೀ ಆ ರಾತ್ರಿಯೇ ಗೆಳತಿಗೆ ಫೋನ್ ಮಾಡಿ ಅಪ್ಪ ಬೇಡ ಅಂದದ್ದನ್ನು ಹೇಳಿದಳು.

ಭಾನುವಾರ ಆ ಗೆಳತಿ ಪ್ರತಿಮಾ ಅರಸೀಕೆರೆಯಿಂದ ಸ್ಕೂಟರಿನಲ್ಲಿ ಬಂದಳು. ಅವಳೂ ಇಂಥದೇ ಫೆಲೋಶಿಪ್ ಪಡೆದು ಈಗ ವಿಜ್ಞಾನಿಯಾಗಿದ್ದಾಳೆ. ಕರಿಯಪ್ಪ ಇಬ್ಬರನ್ನೂ ತೋಟಕ್ಕೆ ಕರೆದೊಯ್ದು ಒಣಗಿದ ಗರಿ ಎಳೆದು ತೋರಿಸಿದ.

"ನೋಡಿ ಮೇಡಂ, ವರ್ಸ ವರ್ಸಾನೂ ಇದೇ ಗೋಳು. ಇದಕ್ಕೊಂದು ದಾರಿ ಹುಡುಕೋರು ಯಾರೂ ಇಲ್ವಾ?"

"ನಿಮ್ಮ ಮಗಳೇ ಇದಾಳಲ್ಲ ಕರಿಯಪ್ಪೋರೆ. ಅವಳಿಗೇ ನೀವು ಬೇಡ ಅಂತಿದೀರ."

ಕರಿಯಪ್ಪ ಮಗಳ ಕಡೆ ತಿರುಗಿದ. "ನೀನು ಮಾಡಾದು ಈ ಹುಳದ್ ಕೆಲ್ಸಾನೇನವ್ವ?"

"ಹೂಂ ಅಪ್ಪ. ಈ ಹುಳಾನ ಕೊಲ್ಲೋ ಸಣ್ಣ ಕೀಟ ಇದಾವಲ್ಲ, ತೋಟಕ್ಕೆ ಬಿಡ್ತಾರಲ್ಲ, ಅವು ಬಿಸಿಲಿಗೆ ಸಾಯ್ತವೆ, ಬದುಕೋ ಹಂಗೆ ಮಾಡ್ಬೇಕು."

"ಫೀಸು?"

"ಫೀಸಿಲ್ಲ. ಅವರೇ ತಿಂಗಳು ತಿಂಗಳು ದುಡ್ಡು ಕೊಡ್ತಾರೆ" ಅಂದಳು ಪ್ರತಿಮಾ. "ಎಷ್ಟೋ ಕಡೆ ಸಂಶೋಧನೆ ಖರ್ಚಿಗೂ ಬೇರೆ ಕೊಡ್ತಾರೆ. ಸಾಲ ಅಲ್ಲ. ಇಷ್ಟು ದಿನ ಗೈಡ್ ಕೈಕೆಳಗೆ ಕಲಿತ್ಲು, ಇನ್ಮೇಲೆ ತನ್ನದೇ ಪ್ರಶ್ನೆ ಹಿಡ್ಕೊಂಡು ಕೆಲ್ಸ ಮಾಡ್ತಾಳೆ. ಆದ್ರೆ ತಡ ಮಾಡೋ ಹಾಗಿಲ್ಲ. ವಯಸ್ಸಿಗೋ, ಪಿಎಚ್‌ಡಿ ಆದ ಮೇಲಿನ ವರ್ಷಕ್ಕೋ ಒಂದು ಮಿತಿ ಇಟ್ಟಿರ್ತಾರೆ."

ಕರಿಯಪ್ಪ ಕೈಲಿದ್ದ ಒಣ ಗರಿಯನ್ನು ಮಗಳ ಕೈಗೆ ಕೊಟ್ಟ. "ಹಾಕವ್ವ ಅರ್ಜಿ" ಅಂದ. "ನಮಗೇನ್ ಗೊತ್ತಾಯ್ತದೆ, ಮೊದ್ಲೇ ಹೇಳ್ಬಾರ್ದಾ?"

ಮೊದಲ ಸಲ ಅವಳಿಗೆ ಸಿಗಲಿಲ್ಲ. ಪ್ರತಿಮಾ ಜೊತೆ ಕೂತು ಸಂಶೋಧನಾ ಯೋಜನೆಯನ್ನು ತಿದ್ದಿ ಮತ್ತೆ ಹಾಕಿದಳು. ಈ ಬಾರಿ ಆಯ್ಕೆಯಾದಳು. ಈಗ ವಾರವೆಲ್ಲ ಪ್ರಯೋಗಾಲಯದಲ್ಲಿ ಇರುತ್ತಾಳೆ, ರಜೆ ಸಿಕ್ಕರೆ ಅಪ್ಪನ ತೋಟದಲ್ಲಿ. ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ. ಆದರೆ ಈ ಬೇಸಿಗೆಯಲ್ಲಿ ಬಿಟ್ಟ ಕೀಟಗಳಲ್ಲಿ ಒಂದಷ್ಟು ಬದುಕಿವೆ. ತಾಯಿ ಮುದ್ದಮ್ಮ ಪಕ್ಕದ ಮನೆಯ ದ್ಯಾವಮ್ಮನನ್ನು ಕರೆದು, "ಬಾರೇ, ನಮ್ ಹುಡ್ಗಿ ಬಿಟ್ಟಿರೋ ಕೀಟ ತೋರಿಸ್ತೀನಿ" ಎಂದು ತೋಟ ಸುತ್ತಿಸುತ್ತಾಳೆ.

ನಿಮ್ಮ ಮನೆಯಲ್ಲೂ ಪಿಎಚ್‌ಡಿ ಮುಗಿಸಿದ ಮಗಳೋ ಸೊಸೆಯೋ ಮಗನೋ ಇದ್ದರೆ, "ಸಾಕು" ಅನ್ನುವ ಮೊದಲು "ಏನು ಹುಡುಕ್ತಿದೀಯ?" ಅಂತ ಕೇಳಿ. ಫೆಲೋಶಿಪ್‌ನ ಕೊನೆಯ ದಿನಾಂಕ ವಿಚಾರಿಸಿ. ಒಮ್ಮೆ ಸಿಗದಿದ್ದರೆ ಮತ್ತೆ ಹಾಕಲು ಧೈರ್ಯ ಹೇಳಿ.