ಬೂದಿಯ ಬಾಣಂತನ

ಒಂದು ಕಾಯಿ ಲೊಟಕ್ಕೆಂದಿತು — ಯಾರೂ ಮುಟ್ಟಿಲ್ಲ, ಅಟ್ಟದೊಳಕ್ಕೆ ಗಾಳಿಯೂ ನುಗ್ಗುವುದಿಲ್ಲ, ಹಾಗಾದರೆ ಬೆಕ್ಕಿನ ಬೆನ್ನು ತಗುಲಿರಬೇಕು, ನೋವು ಶುರುವಾಗಿದೆ, ಏಣಿಯ ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ತೋಂಟದಾರ್ಯ ಕತ್ತು ಚಾಚಿದ, ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ, ಆಮೇಲೆ ಒಂದೊಂದೇ ಮೂಡಿತು, ಹತ್ತು ತಿಂಗಳಿಂದ ಮಟ್ಟೆಯೊಳಗೇ ಒಣಗುತ್ತಾ ಕೊಬ್ಬರಿಯಾಗುತ್ತಿರುವ ಕಾಯಿಗಳ ಗುಡ್ಡೆ, ಗುಡ್ಡೆಯ ಹಿಂದೆ ಗೋಡೆ ಮೂಲೆ, ಮೂಲೆಯಲ್ಲಿ ಬೂದು ಬಣ್ಣದ ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ. ಬೂದಿ. ಹೆಸರಿಟ್ಟವಳು ಅವನ ಹೆಂಡತಿ ದ್ರಾಕ್ಷಾಯಣಮ್ಮ, ಯಾರದ್ದೂ ಅಲ್ಲದ ಬೀದಿ ಬೆಕ್ಕು, ಎರಡು ವರ್ಷದ ಕೆಳಗೆ ಒಂದು ಚಳಿಗಾಲದ ಬೆಳಿಗ್ಗೆ ಬಚ್ಚಲೊಲೆಯ ಬೆಚ್ಚನೆ ಬೂದಿಯಲ್ಲಿ ಮಲಗಿ ಅವಳ ಕಣ್ಣಿಗೆ ಬಿತ್ತು, ಅಂದಿನಿಂದ ಬೂದಿ. ಅವಳೀಗ ಹೊಸದುರ್ಗದಲ್ಲಿದ್ದಾಳೆ, ಅಕ್ಕನಿಗೆ ಕಣ್ಣಿನ ಆಪರೇಷನ್, ಹೊತ್ತಿಗೆ ಸರಿಯಾಗಿ ಡ್ರಾಪ್ಸ್ ಹಾಕುವವರಿಲ್ಲವೆಂದು ಹೋಗಿ ಒಂಬತ್ತು ದಿನವಾಯಿತು, ಬಸ್ಸು ಹತ್ತಿ ಕೂತ ಮೇಲೂ ಅದೇ ಮಾತು, ನಿಮ್ಮೂಟಕ್ಕೆ ಹೆಂಗೋ ಮಾಡ್ಕಳಿ, ಬೂದಿಗೆ ಮಾತ್ರ ಎರಡೊತ್ತು ಹಾಲು ತಪ್ಪಿಸ್ಬ್ಯಾಡಿ, ದಿನ ತುಂಬೈತೆ, ಅಟ್ಟದ ಬಾಗ್ಲು ನೋಡ್ಕಳಿ ಕಣ್ರೀ, ಹೋದ್ ಸಲ ನನ್ನಿಂದ ಆದಂಗೆ ಆಗ್ಬಾರ್ದು — ನನ್ನಿಂದ ಆದಂಗೆ, ಹಾಗೇ ಅಂದಳು, ಕಿಟಕಿಯಿಂದ, ಊರಿನ ನಾಲ್ಕು ಜನರ ಎದುರು, ಅವನು ಚೀಲ ಮೇಲಕ್ಕೆ ಕೊಡುತ್ತಾ, ಆಯ್ತು ಬುಡು, ಎಂದಿದ್ದ.

ಆಯ್ತು ಬುಡು. ಎಷ್ಟು ಸಲೀಸಾಗಿ ಬಂತು ಬಾಯಿಗೆ. ಅವಳಿಂದ ಏನೂ ಆಗಿರಲಿಲ್ಲ, ಆದದ್ದೆಲ್ಲ ಇವನಿಂದ, ಅದೂ ಎಂಥ ಕಾರಣಕ್ಕೆ — ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ — ಹೋದ ವರ್ಷ ಇದೇ ಮೂಲೆಯಲ್ಲಿ ಮೂರು ಮರಿ ಹಾಕಿತ್ತು, ಕಣ್ಣು ಬಿಟ್ಟು ಎರಡು ದಿನವಾಗಿತ್ತು, ತಿಪಟೂರಿನಿಂದ ಕೊಬ್ಬರಿ ನೋಡಲು ರುದ್ರೇಶ್ ಬಂದ, ಕೊಳ್ಳುವವನು, ಜೊತೆಯಲ್ಲಿ ಇನ್ನಿಬ್ಬರು, ಅಟ್ಟ ಹತ್ತಿ ಒಂದು ಕಾಯಿ ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿ, ಆಮೇಲೆ ಮೂಗಿನ ಹತ್ತಿರ ಹಿಡಿದು, ಏನ್ ಸಾವ್ಕಾರ್ರೇ, ಕೊಬ್ರಿ ಒಣಗಿಸ್ತಿದೀರೋ ಬೆಕ್ಕಿನ ಉಚ್ಚೇಲಿ ಉಪ್ಪಿನಕಾಯಿ ಹಾಕಿದೀರೋ, ಅಂದ, ಮೂವರೂ ನಕ್ಕರು, ಇವನೂ ನಕ್ಕ, ಅದೇ ಆಗಬಾರದಿತ್ತು, ಇವನೂ ನಕ್ಕದ್ದು. ವ್ಯಾಪಾರವೇನೂ ಮುರಿಯಲಿಲ್ಲ, ಕಾಫಿ ಕುಡಿದು ಹೋದರು, ನಗು ಮಾತ್ರ ಕಿವಿಯೊಳಗೇ ಉಳಿಯಿತು, ದ್ರಾಕ್ಷಾಯಣಮ್ಮ ಬಟ್ಟೆ ಒಗೆಯಲು ಹೋದ ಹೊತ್ತು ನೋಡಿ ಅಟ್ಟ ಹತ್ತಿದ, ಮೂರನ್ನೂ ಒಂದು ಹಳೇ ವೈರ್ ಬ್ಯಾಗಿಗೆ ಹಾಕಿದ, ಅವು ಕಚ್ಚಲಿಲ್ಲ, ಪರಚಲಿಲ್ಲ, ಅಮ್ಮನ ಬಾಯೋ ಇವನ ಕೈಯೋ ಅವಕ್ಕೆ ಒಂದೇ, ಬ್ಯಾಗನ್ನು ಸ್ಕೂಟರಿನ ಹ್ಯಾಂಡಲಿಗೆ ತಗುಲಿಸಿ ಕೆರೆ ಏರಿಯವರೆಗೆ ಹೋದ, ಕೋಡಿಯ ಹತ್ತಿರ ಕಳ್ಳಿ ಬೇಲಿಯ ಬುಡದಲ್ಲಿ ಇಳಿಸಿದ, ಒಂದು ಮರಿ ಬ್ಯಾಗಿನ ಅಂಚಿಗೆ ಗದ್ದ ಊರಿ ಇವನನ್ನೇ ನೋಡುತ್ತಿತ್ತು, ಅಳಲೂ ಇಲ್ಲ, ಕಿಕ್ ಹೊಡೆದ, ಬೇಕೆಂದೇ ಎಂಜಿನ್ ಜೋರು ಮಾಡಿದ. ತಿಪಟೂರಿಗೆ ಹೋಗಿ ಹೋಟೆಲಿನಲ್ಲಿ ಎರಡು ಪ್ಲೇಟು ಇಡ್ಲಿ ತಿಂದ, ಹಸಿವಾಗಿತ್ತು, ನಿಜವಾಗಿ ಹಸಿವಾಗಿತ್ತು, ಚಟ್ನಿ ಇನ್ನೊಂದು ಸಲ ಹಾಕಿಸಿಕೊಂಡ, ವಾಪಸು ಬರುವಾಗ ಮಾತ್ರ ಏರಿಯ ದಾರಿ ಬಿಟ್ಟು ಸಂಪಿಗೆ ಊರಿನ ಕಡೆಯಿಂದ ಸುತ್ತಿ ಬಂದ. ವಾರ ಕಳೆದು ಆ ದಾರಿಯಲ್ಲಿ ಹೋದಾಗ ಬೇಲಿ ಬುಡ ಬರಿದಾಗಿತ್ತು, ಬ್ಯಾಗೂ ಇರಲಿಲ್ಲ, ಯಾರೋ ಮರಿಗಳನ್ನು ಒಯ್ದು ಸಾಕಿಕೊಂಡಿದ್ದಾರೆ ಎಂದುಕೊಂಡ, ಬರೀ ಬ್ಯಾಗು ಒಯ್ದವರೂ ಇರಬಹುದು ಎಂಬುದನ್ನು ಮನಸ್ಸಿನ ಹತ್ತಿರಕ್ಕೆ ಬಿಟ್ಟುಕೊಳ್ಳಲಿಲ್ಲ.

ಬೂದಿಯ ಹೊಟ್ಟೆ ಬಿಗಿಯಿತು, ಹಿಂಗಾಲು ಗೋಡೆಗೆ ಒತ್ತಿಕೊಂಡಿದೆ, ಬಾಯಿ ತೆರೆದು ನಾಯಿಯ ಹಾಗೆ ಏದುತ್ತಿದೆ, ಬೆಕ್ಕು ಹೀಗೆ ಏದುವುದನ್ನು ಅವನು ನೋಡಿಯೇ ಇಲ್ಲ, ಪಕ್ಕದ ಮನೆ ಹೊಂಬಾಳಮ್ಮನನ್ನು ಕರೆಯಲೇ, ಬೇಡ, ಹತ್ತಿರ ಹೋಗಿ ಇಣುಕಬ್ಯಾಡ ಕಣಪ್ಪ, ಅದಕ್ಕೆ ಗೊತ್ತೈತೆ, ಎಂದವಳೂ ಅವಳೇ. ಹೋದ ವರ್ಷ ಮರಿ ಬಿಟ್ಟು ಬಂದ ಸಂಜೆ ದ್ರಾಕ್ಷಾಯಣಮ್ಮ ಅಟ್ಟದಿಂದ ಓಡಿ ಬಂದು, ಮರಿಗಳು ಕಾಣ್ತಿಲ್ಲ ಕಣ್ರೀ, ಎಂದಾಗ ಇವನು ಪೇಪರಿನಿಂದ ತಲೆ ಎತ್ತದೆ, ಆ ಕೆಂಚು ಗಂಡು ಬೆಕ್ಕು ಹೊತ್ಕಂಡ್ ಹೋಗಿರ್ಬೇಕು ಕಣೇ, ಬಾಗ್ಲು ತೆಗ್ದಿತ್ತಲ್ಲ, ಎಂದ, ಬಾಗಿಲಿನ ಮಾತು ಯಾಕೆ ಸೇರಿಸಿದನೋ, ಸುಳ್ಳಿಗೆ ಒಂದು ಊರುಗೋಲು ಬೇಕಿತ್ತೇನೋ, ಅವಳು ಅಲ್ಲೇ ಕುಕ್ಕರಿಸಿದಳು, ಅಯ್ಯೋ ಶಿವನೇ, ನಾನೇ ಕಣ್ರೀ, ಹುಣಸೆಹಣ್ಣು ತರಕ್ಕೆ ಅಟ್ಟ ಹತ್ತಿದವಳು ಅಗಳಿ ಹಾಕಿದ್ನೋ ಇಲ್ವೋ, ಗಲ್ಲ ಗಲ್ಲ ಬಡಿದುಕೊಂಡಳು, ಆಗಲೂ ಹೇಳಬಹುದಿತ್ತು, ಬಾಯಿ ತೆರೆದದ್ದೂ ಉಂಟು, ತೆರೆದ ಬಾಯಿಂದ ಬಂದದ್ದು, ಹೋಗ್ಲಿ ಬುಡು, ಬೆಕ್ಕು ತಾನೇ. ಮೂರು ದಿನ ಬೂದಿ ಹುಡುಕಿತು, ಒಂದೊಂದು ಕಾಯಿಯ ಹಿಂದೆಯೂ ಮೂಗಿಟ್ಟು ಕೂಗಿತು, ಅದರ ಹಿಂದೆ ಹಿಂದೆ ಹಾಲಿನ ತಟ್ಟೆ ಹಿಡಿದು ಇವಳು, ತಪ್ಪಾಯ್ತು ಕಣವ್ವ, ನಂದೇ ತಪ್ಪು ಕಣವ್ವ, ಮನುಷ್ಯರಿಗೆ ಹೇಳುವ ಹಾಗೆ, ಅವನು ಕೆಳಗೆ ಊಟಕ್ಕೆ ಕೂತು ಅದನ್ನೆಲ್ಲ ಕೇಳಿಸಿಕೊಂಡು ಮುದ್ದೆ ನುಂಗಿದ. ಇರುವೆ ತುಳಿಯಲೂ ಹಿಂಜರಿಯುವ ಹೆಂಗಸು ಆ ಕೆಂಚನಿಗೆ ಸೌದೆ ಎಸೆದಳು, ಮುಂಗಾಲು ಮುರಿಯಿತು, ಈಗಲೂ ಕಾಂಪೌಂಡಿನ ಮೇಲೆ ಕುಂಟುತ್ತಾ ಹೋಗುತ್ತದೆ, ಒಂದು ಪಾಪವನ್ನೂ ಮಾಡದ ಬೆಕ್ಕು, ಅದು ಕುಂಟುವಾಗೆಲ್ಲ ಇವನು ಬೇರೆ ಕಡೆ ನೋಡುತ್ತಾನೆ. ವರ್ಷವಿಡೀ ಮಲಗುವ ಮುಂಚೆ ಎರಡು ಸಲ ಏಣಿ ಹತ್ತಿ ಅಗಳಿ ಮುಟ್ಟಿ ನೋಡಿ ಬರುತ್ತಾಳೆ, ಮಂಡಿನೋವಿನವಳು, ಇವನು ಮಂಚದ ಮೇಲೆ ಕಣ್ಣು ಮುಚ್ಚಿಕೊಂಡು ಮೆಟ್ಟಿಲು ಎಣಿಸುತ್ತಾನೆ.

ಒಂಬತ್ತು ದಿನ ಸೇವೆ ಮಾಡಿದ, ಸೇವೆ ಅಂದರೆ ಸೇವೆಯೇ, ಹಾಲು ಉಗುರುಬೆಚ್ಚಗೆ ಮಾಡಿ ತಟ್ಟೆಗೆ ಸುರಿದ, ತನ್ನ ಮೆತ್ತನೆ ಹಳೇ ಪಂಚೆ ಹರಿದು ಹಾಸಿದ, ಹೊಂಬಾಳಮ್ಮ, ನಿಮ್ಮನೆ ಮೊಸರನ್ನ ತಿಂದ್ರೆ ಅದರ ಹೊಟ್ಟೇಲಿರೋವು ಬದುಕ್ತವೇನಪ್ಪ, ಎಂದು ಬೇಯಿಸಿದ ಮೊಟ್ಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ತಂದಳು, ಎದೆಯ ಮೇಲೆ ಲಿಂಗ ಕಟ್ಟಿಕೊಂಡವನು ಅದನ್ನೂ ಎಲೆಯಲ್ಲಿ ಹಿಡಿದು ಅಟ್ಟಕ್ಕೆ ಒಯ್ದ, ಬಾಳೆಎಲೆಯ ಮೇಲೆ ಪುಡಿ ಮಾಡಿ ಇಟ್ಟ, ಬೆಕ್ಕಿಗೂ ಬಾಣಂತನ ಮಾಡ್ತೀಯಲ್ಲಪ್ಪ, ಪುಣ್ಯಾತ್ಮ ಕಣಪ್ಪ ನೀನು, ಹೊಂಬಾಳಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು, ಆ ಮಾತು ಚಪ್ಪಲಿಯೊಳಗಿನ ಮುಳ್ಳಿನಂತೆ ದಿನವಿಡೀ ಚುಚ್ಚಿತು. ಅಗೋ — ಒದ್ದೆಯಾದ ಏನೋ ಜಾರಿತು, ಬೂದಿ ತಿರುಗಿ ನೆಕ್ಕುತ್ತಿದೆ, ನೆಕ್ಕುತ್ತಿದೆ, ಸೂಜಿಯ ಮೊನೆಯಷ್ಟು ಸಣ್ಣ ದನಿ, ಬದುಕಿದೆ, ಅವನ ಕಣ್ಣು ತುಂಬಿದ್ದು ಅವನಿಗೇ ಗೊತ್ತಾಗಲಿಲ್ಲ, ಅಷ್ಟರಲ್ಲಿ ಕೆಳಗೆ ಫೋನು. ಇಳಿದು ಓಡಿದ. ಏನ್ರೀ, ಮರಿ ಹಾಕ್ತಾ. ಈಗ ಒಂದು ಹಾಕ್ತು ಕಣೇ, ಇನ್ನೂ ಐತೆ. ಅಯ್ಯೋ ನಮ್ಮವ್ವ, ಆ ಕಡೆ ನಗು, ಎಸ್‌ಟಿಡಿ ಬೂತಿನ ಹೊರಗೆ ಬಸ್ಸಿನ ಹಾರನ್ನು, ಬಾಗ್ಲು ಹಾಕಿದೀರ ತಾನೇ, ನನ್ ಥರ ಮರೀಬ್ಯಾಡಿ ಕಣ್ರೀ, ನನ್ ಕೈಲಿ ಮೂರು ಜೀವ ಹೋಯ್ತು, ಇವಾದ್ರೂ — ದ್ರಾಕ್ಷಾಯಣಿ, ಎಂದ ಅವನು, ನೀನಲ್ಲ ಕಣೇ. ಏನು. ಬಾಗ್ಲಿಂದ ಏನೂ ಆಗ್ಲಿಲ್ಲ, ಗಂಡು ಬೆಕ್ಕು ಬಂದೇ ಇಲ್ಲ, ನಾನೇ ಕಣೇ, ಬ್ಯಾಗಿಗೆ ಹಾಕ್ಕಂಡು ಕೆರೆ ಏರಿ ಮೇಲೆ ಬುಟ್ಟು ಬಂದೆ, ರುದ್ರೇಶ ನಕ್ಕ ಅಂತ. ಆ ಕಡೆ ಮತ್ತೊಂದು ಹಾರನ್ನು. ಮೂರನ್ನೂವಾ, ಎಂದಳು. ಮೂರನ್ನೂ. ಕಣ್ಣು ಬಿಟ್ಟಿದ್ವಲ್ರೀ ಅವು. ಬಿಟ್ಟಿದ್ವು. ಆಮೇಲೆ ಅವಳು ಬೈಯಲಿಲ್ಲ, ಅಳಲಿಲ್ಲ, ಫೋನು ಇಟ್ಟಳು, ಇಟ್ಟ ಸದ್ದೂ ಮೆಲ್ಲಗೇ ಇತ್ತು, ಅವನು ಕುಂಯ್ ಎನ್ನುವ ರಿಸೀವರನ್ನು ಕಿವಿಗೆ ಒತ್ತಿಕೊಂಡೇ ನಿಂತ, ಬೈದಿದ್ದರೆ ಒಂದು ಮಾತಾದರೂ ಕೈಗೆ ಸಿಗುತ್ತಿತ್ತು, ಭಾನುವಾರ ಬರುತ್ತಾಳೆ, ಬಂದು ಏನನ್ನುತ್ತಾಳೆ, ಒಳಗೆ ಬಂದು ಚೀಲ ಇಡುತ್ತಾಳೋ ಇಲ್ಲವೋ.

ಮತ್ತೆ ಹತ್ತಿದಾಗ ಎರಡಾಗಿದ್ದವು. ಎರಡನೆಯದು ಕಪ್ಪು, ಮೊದಲನೆಯದಕ್ಕಿಂತ ಸಣ್ಣದು, ಬೂದಿ ಅದರ ಹೊಕ್ಕುಳಬಳ್ಳಿ ಕಚ್ಚಿ ಬಿಡಿಸುತ್ತಿತ್ತು, ಗುಡ್ಡೆ ದಾಟಿ ಪಂಚೆಯ ಪಕ್ಕದಲ್ಲೇ ಕೂತು ಮೂರನೆಯದಕ್ಕೆ ಕಾದ, ಬೆಲ್ಲದ ನೀರಲ್ಲಿ ಬೆರಳದ್ದಿ ಚಾಚಿದ, ಬೂದಿಯ ನಾಲಿಗೆ ಬೆರಳನ್ನು ತರಿತರಿ ಉಜ್ಜಿತು, ಹೊತ್ತು ಬಾಗಿತು, ಹೊಟ್ಟೆ ಸಡಿಲಿತು, ಇನ್ನಿಲ್ಲ, ಎರಡೇ. ಹಾಲು ಕುಡಿಸಿತು, ಮತ್ತೆ ನೆಕ್ಕಿತು, ಆಮೇಲೆ ಎದ್ದಿತು, ಬೆನ್ನು ಬಿಲ್ಲು ಮಾಡಿ ಮೈ ಮುರಿಯಿತು, ಅವನ ತೊಡೆಯ ಮೇಲೆ ಕಾಲಿಟ್ಟೇ ಗುಡ್ಡೆ ದಾಟಿ ಏಣಿಗೆ ಹಾರಿತು, ಎಲ್ಲಿಗೆ, ಎಲ್ಲಿಗೇ ಹೊರಟೆ, ಎಂದು ಬಾಯಿಗೆ ಬಂತು, ಅದು ಇಳಿಯುತ್ತಿತ್ತು, ಒಂದೊಂದೇ ಮೆಟ್ಟಿಲು, ಸುಸ್ತಾದವರು ಇಳಿಯುವ ಹಾಗೆ. ಮೈ ಬಿಸಿ ತಪ್ಪಿದ ಮರಿಗಳು ಕುರುಡು ತಲೆ ಎತ್ತಿ ಆಡಿಸಿದವು, ಪಂಚೆಯ ಮೇಲೆ ತೆವಳಿ ಅವನ ಮಂಡಿಗೆ ಮೂಗು ತಾಗಿಸಿದವು, ಅವನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ, ಹೆಂಡತಿಗೆ ಹೇಳಿಯಾಯಿತು, ಬೂದಿಗೆ ಯಾವ ಮಾತಿನಲ್ಲಿ ಹೇಳುವುದು, ಬಂದು ಎತ್ತಿಕೊಂಡು ಹೋಗು, ಬೇರೆಲ್ಲಾದರೂ ಇಡು, ನನ್ನ ಹತ್ತಿರ ಬೇಡ, ನಾನು ಯಾರೆಂದು ನಿನಗೆ ಗೊತ್ತಿಲ್ಲ, ಕೆಳಗಿನ ಅಂಗಳದಲ್ಲಿ ಅದು ಹಾಲು ನೆಕ್ಕುವ ಸದ್ದು, ಅವಸರವಿಲ್ಲ, ನಡುವೆ ನಿಲ್ಲಿಸಿ ಕಿವಿಗೊಡುವುದೂ ಇಲ್ಲ, ಎರಡನ್ನೂ ಅವನ ಹತ್ತಿರ ಬಿಟ್ಟು ಹೋಗಿದೆ, ತೊಡೆಯ ಮೇಲೆ ಕಾಲಿಟ್ಟು ಇಳಿದು ಹೋಯಿತು, ಹಿಂದಿರುಗಿ ನೋಡಲಿಲ್ಲ, ಒಂದು ಸಲವಾದರೂ ನೋಡಬೇಕಿತ್ತು, ನೋಡಲಿಲ್ಲ, ಇಳಿದು ಹೋಯಿತು, ಹಿಂದಿರುಗಿ ನೋಡದೆ —