ಫೋಕಸ್ ಆಮ್ಯಾಲ

ಹಳೆಯ ಸಾಮಾನು ಮಾರುವ ಆ್ಯಪಿನಿಂದ ಆ ಕ್ಯಾಮೆರಾ ತರಿಸಿದ ದಿನ ಅವ್ವ ಸುಶೀಲವ್ವ ಕೇಳಿದ ಮೊದಲ ಮಾತು, "ಕರೆಂಟ್ ಐತಲ್ಲೋ, ಬ್ಯಾಟರಿ ಯಾಕ ತಂದಿ?"

ನೋಡಲು ಕೈಬ್ಯಾಟರಿಯ, ಅಂದರೆ ಟಾರ್ಚಿನ ಹಾಗೆಯೇ ಇತ್ತು. ಉದ್ದಕ್ಕೆ, ಒಂದು ತುದಿಗೆ ಗಾಜು. ಆದರೆ ಗುಣ ಬೇರೆ. ಮೊದಲು ಫೋಟೊ ಹೊಡೆದುಬಿಡಬೇಕು. ಯಾರ ಮುಖ ಸ್ವಚ್ಛ ಕಾಣಬೇಕು ಎಂಬುದನ್ನು ಆಮೇಲೆ ಕಂಪ್ಯೂಟರಿನಲ್ಲಿ ಆರಿಸಬಹುದು. ದುಮ್ಮವಾಡದ ಹಾಲಿನ ಡೇರಿಗೆ ನಾನು ಸೆಕ್ರೆಟರಿ. ಹಾಲು ಹಾಕಲು ಬಂದವರಿಗೆಲ್ಲ ವಾರಗಟ್ಟಲೆ ಇದನ್ನೇ ವಿವರಿಸಿದೆ. ಎಮ್ಮೆಗಳಿಗಷ್ಟೇ ಹೇಳುವುದು ಬಾಕಿ ಇತ್ತು.

ಅದೇ ಹೊತ್ತಿಗೆ ನನ್ನ ಎರಡನೆಯ ಮಗಳಿಗೆ ಹೆಸರಿಡುವ ದಿನ ಬಂತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನನ್ನ ಅಕ್ಕ ರೋಹಿಣಿ. ಮೊದಲ ಮಗಳ ಸಲ ಅವಳೇ ಬಾಣಂತಿ, ಬರಲಾಗಿರಲಿಲ್ಲ. ನಮಗಿನ್ನು ಮೂರನೆಯದು ಬೇಡವಾಗಿತ್ತು.

"ಗೌರ್ಯಾ, ನಾ ಹೆಸರು ಹೇಳೂದು ಒಂದು ಫೋಟೊ ಬೇಕು ನೋಡು. ಒಂದ ಒಂದು," ಎಂದಳು ಅಕ್ಕ. "ಸ್ಟುಡಿಯೊ ಅಲ್ಲಾವುದ್ದೀನಗ ಹೇಳಿದೇನು?"

"ಊಟಕ್ಕ ಹೇಳೀನಿ. ಫೋಟೊಕ್ಕ ನಾ ಇಲ್ಲೇನು?"

ಕಲಘಟಗಿಯ ಬಣ್ಣದ ತೊಟ್ಟಿಲ ಸುತ್ತ ಹೆಂಗಸರು ಮುಗಿಬಿದ್ದರು. ಅಕ್ಕ ಬಗ್ಗಿದಳು. ನಾನು ಕ್ಯಾಮೆರಾವನ್ನು ಎಲ್ಲರ ತಲೆಯ ಮೇಲೆ ಎತ್ತಿ ಹಿಡಿದು, ಬಾಗಿಲಿಗೆ ಬಂದವರಿಗೆ "ಬರ್ರಿ ಬರ್ರಿ" ಎನ್ನುತ್ತ, ಆ ಕಡೆ ನೋಡದೆಯೇ ಒತ್ತಿದೆ. ಒಂದೇ ಸಲ. ಫೋಕಸ್ ಆಮ್ಯಾಲ ಮಾಡೂದೈತಲ್ಲ!

ಊಟವಾದ ಮೇಲೆ ಎಲ್ಲರನ್ನೂ ಕಂಪ್ಯೂಟರಿನ ಮುಂದೆ ಕೂಡಿಸಿದೆ. ಒಂದು ಕಡೆ ಒತ್ತಿದರೆ ತೊಟ್ಟಿಲ ಮೇಲಿನ ಗಿಳಿ ಸ್ವಚ್ಛವಾಯಿತು. ಇನ್ನೊಂದು ಕಡೆ ಒತ್ತಿದರೆ ಗೋಡೆಯ ಕ್ಯಾಲೆಂಡರು, ತಾರೀಖಿನ ಸಮೇತ. ಅಕ್ಕನ ಮುಖದ ಮೇಲೆ ಒತ್ತಿದೆ. ಬಳೆ ಬಂದವು.

ಹೆಸರು ಹೇಳಿದ ಕ್ಷಣವೇ ಸೋದರತ್ತೆಯ ಬೆನ್ನಿಗೆ ಹೆಂಗಸರೆಲ್ಲ ಗುದ್ದುವುದು ನಮ್ಮ ಪದ್ಧತಿ. ನಾನು ಒತ್ತಿದ್ದು ಸರಿಯಾಗಿ ಆಗಲೇ. ಹತ್ತು ಕೈಗಳ ಹಿಂದೆ ಅಕ್ಕನ ಮುಖವೂ ಇಲ್ಲ, ಕೂಸಿನ ಕಿವಿಯೂ ಇಲ್ಲ.

"ಆ ಕೈ ಒಂದೀಟು ಬಾಜು ಸರಸೋ," ಎಂದಳು ಅಕ್ಕ.

"ಸರಸಾಕ ಬರಂಗಿಲ್ಲಕ್ಕ. ಫೋಕಸ್ ಅಷ್ಟ."

ಅಲ್ಲಾವುದ್ದೀನ ಎಲೆಅಡಿಕೆ ಮಡಚುತ್ತ ಹೇಳಿದ, "ನಮ್ಮದು ಹಳೇ ಪದ್ಧತಿರಿ ಸರ. ಮೊದಲ ನೋಡತೇವಿ, ಆಮ್ಯಾಲ ಒತ್ತತೇವಿ."

ಮನೆಯೆಲ್ಲ ನಕ್ಕಿತು. ಅಕ್ಕ ನಗಲಿಲ್ಲ.

"ಇನ್ನೊಮ್ಮೆ ಹೇಳಿಬಿಡಕ್ಕ, ಹೊಡಿತೇನಿ," ಎಂದೆ.

"ಒಂದು ಕೂಸಿಗೆ ಎಷ್ಟು ಸಲ ಹೆಸರಿಡ್ತೀಯೋ ಹುಚ್ಚಾ?" ಎಂದಳು ಅವ್ವ.

ಅಕ್ಕನ ಮುಖ ನೋಡಲಾರದೆ ನಾನು ಸುಮ್ಮನೆ ಅಲ್ಲಿ ಇಲ್ಲಿ ಒತ್ತುತ್ತ ಕುಳಿತೆ.

"ತಡಿ," ಎಂದಳು ಅಕ್ಕ. "ಅಲ್ಲೇ ನಿಲ್ಲಸು. ಇದ್ಯಾರ ಕೈ?"

ಫೋಟೊದಲ್ಲಿ ಅವಳ ಬೆನ್ನ ಮೇಲೆ ಒಂದು ಸುಕ್ಕುಗಟ್ಟಿದ ಕೈ, ಹಸಿರು ಬಳೆ, ಕುಡಗೋಲು ತಾಗಿ ಮೊಂಡಾದ ಬೆರಳು. ಉಳಿದವರದೆಲ್ಲ ಮುಷ್ಟಿ. ಇದೊಂದು ಅಂಗೈ ಬಿಚ್ಚಿಕೊಂಡಿತ್ತು.

"ಎಲ್ಲಾರೂ ಗುದ್ದ್ಯಾರ. ನೀ ಸವರೀಯಲ್ಲಬೇ?" ಅಕ್ಕ ಅವ್ವನ ಕಡೆ ತಿರುಗಿದಳು.

"ಆ ಗದ್ದಲದಾಗ ನನಗೇನು ಗೊತ್ತು," ಎಂದು ಅವ್ವ ಸೆರಗು ಸರಿಮಾಡಿಕೊಂಡಳು.

"ಇದನ್ನ ಕೊಡು ನನಗ," ಎಂದಳು ಅಕ್ಕ, ಕಣ್ಣು ಒರೆಸಿಕೊಳ್ಳುತ್ತ.

ನನಗೆ ಜೀವ ಬಂತು. "ನೋಡಿದ್ರಿಲ್ಲೋ! ಆಮ್ಯಾಲ ಫೋಕಸ್ ಮಾಡೂ ಕ್ಯಾಮೆರಾ ಅಂದ್ರ..."

ನನ್ನ ಬೆನ್ನಿಗೆ ಅವ್ವನ ಕೈ ಬಿತ್ತು. ಈ ಸಲ ಮುಷ್ಟಿ.